ಕ್ವಾಸಿಕ್ರಿಸ್ಟಲ್‌ನಲ್ಲಿ ಸ್ಪಿನ್ ಗ್ಲಾಸ್ ಗುರುತಿಸುವುದು ಹೇಗೆ?

6 ಕೆಲ್ವಿನ್ ಹತ್ತಿರ ಸಸೆಪ್ಟಿಬಿಲಿಟಿಯ (ಕಾಂತಕ್ಷೇತ್ರ ಕೊಟ್ಟಾಗ ವಸ್ತು ಎಷ್ಟು ಕಾಂತವಾಗುತ್ತದೆ ಎಂಬ ಅಳತೆಯ) ಗ್ರಾಫಿನಲ್ಲಿ ಒಂದು ಚೂಪು ತುದಿ ಕಂಡ ಕೂಡಲೇ ‘ಆಂಟಿಫೆರೋಮ್ಯಾಗ್ನೆಟ್ ಸಿಕ್ಕಿತು’, ಅಂದರೆ ಪರಮಾಣುಗಳ ಪುಟ್ಟ ಕಾಂತಗಳು ಎದುರುಬದುರಾಗಿ ಕ್ರಮದಲ್ಲಿ ನಿಂತಿವೆ ಎಂದು ಬರೆದುಬಿಡಬೇಡಿ. ಮ್ಯಾಗ್ನೆಟೋಮೀಟರ್ (ಕಾಂತತ್ವ ಅಳೆಯುವ ಯಂತ್ರ) ಕಲಿಯಲು ಬರುವವರಿಗೆ ನಾನು ಮೊದಲು ಹೇಳುವ ಮಾತೇ ಇದು. ಕ್ವಾಸಿಕ್ರಿಸ್ಟಲ್‌ಗಳಲ್ಲಿ, ಅಂದರೆ ಪರಮಾಣುಗಳು ಕ್ರಮವಾಗಿದ್ದರೂ ಒಂದೇ ವಿನ್ಯಾಸ ಮತ್ತೆ ಮತ್ತೆ ಬಾರದ ಘನಗಳಲ್ಲಿ, ಆ ತುದಿ ಹೆಚ್ಚಿನ ಸಲ ಸ್ಪಿನ್ ಗ್ಲಾಸ್‌ನದು. ಅದರಲ್ಲಿ ಸ್ಪಿನ್‌ಗಳು, ಅಂದರೆ ಆ ಪುಟ್ಟ ಕಾಂತಗಳು, ಕ್ರಮವಾಗಿ ನಿಲ್ಲದೆ, ಎತ್ತೆತ್ತಲೋ ಮುಖ ಮಾಡಿ ಹಾಗೇ ಹೆಪ್ಪುಗಟ್ಟಿರುತ್ತವೆ.

ಕಲಿಯಲು ಜಿಂಕ್-ಮೆಗ್ನೀಸಿಯಂ-ಟರ್ಬಿಯಂ ಒಳ್ಳೆಯದು. ಇಲ್ಲಿ ಕಾಂತತ್ವವೆಲ್ಲ ಟರ್ಬಿಯಂನದ್ದೇ, ಲೆಕ್ಕ ಸುಲಭ. ಅಲ್ಯೂಮಿನಿಯಂ-ಪಲ್ಲಾಡಿಯಂ-ಮ್ಯಾಂಗನೀಸ್‌ನಲ್ಲಿ ಹಾಗಲ್ಲ. ಅಲ್ಲಿ ಬಹುಪಾಲು ಮ್ಯಾಂಗನೀಸ್ ಪರಮಾಣುಗಳಿಗೆ ಕಾಂತತ್ವವೇ ಇರುವುದಿಲ್ಲ.

ಮೊದಲು 300 ಕೆಲ್ವಿನ್‌ನಿಂದ ಕೆಳಗೆ ಅಳೆಯಿರಿ. ಸಸೆಪ್ಟಿಬಿಲಿಟಿಯನ್ನು ತಲೆಕೆಳಗು ಮಾಡಿ, ಅಂದರೆ ಒಂದನ್ನು ಅದರಿಂದ ಭಾಗಿಸಿ, ತಾಪಮಾನದ ಎದುರು ಗ್ರಾಫ್ ಹಾಕಿ. ನೇರ ಗೆರೆ ಬರಬೇಕು. ಅದರ ಇಳಿಜಾರಿನಿಂದ ಒಂದೊಂದು ಟರ್ಬಿಯಂಗೆ ಸುಮಾರು 9.7 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಕಾಂತಬಲದ ಮಾನ) ಸಿಗಬೇಕು. ಗೆರೆಯನ್ನು ಮುಂದಕ್ಕೆ ಎಳೆದರೆ ಗ್ರಾಫಿನ ತಾಪಮಾನದ ಅಕ್ಷವನ್ನು ಸುಮಾರು −26 ಕೆಲ್ವಿನ್‌ನಲ್ಲಿ ಹೋಗಿ ಮುಟ್ಟುತ್ತದೆ. ಪಕ್ಕದ ಸ್ಪಿನ್‌ಗಳು ಎದುರುಬದುರಾಗಿ ನಿಲ್ಲಲು ಬಯಸುತ್ತಿವೆ ಎಂಬುದನ್ನು ಆ ಮೈನಸ್ ಹೇಳುತ್ತದೆ. ಆದರೂ ಹೆಪ್ಪುಗಟ್ಟುವುದು 6ರ ಹತ್ತಿರ. ಅಷ್ಟು ತಡವಾಗುವುದಕ್ಕೆ ಕಾರಣವಿದೆ: ತ್ರಿಕೋನದ ಮೂಲೆಗಳಲ್ಲಿರುವ ಮೂರು ಸ್ಪಿನ್‌ಗಳು ಒಂದಕ್ಕೊಂದು ಎದುರಾಗಿ ನಿಲ್ಲಲು ಆಗಲ್ಲ ಅಲ್ವಾ?

45–50 ಕೆಲ್ವಿನ್ ಹತ್ತಿರ ಸಣ್ಣ ಉಬ್ಬು ಕಂಡರೆ ಸ್ಯಾಂಪಲ್ಲನ್ನು ಬೈಯಬೇಡಿ. ಸ್ಯಾಂಪಲ್ ಇಡುವ ಜಾಗದೊಳಗೆ ಗಾಳಿ ಸೇರಿರುತ್ತದೆ, ಅದು ಘನ ಆಕ್ಸಿಜನ್‌ನ ಕಾಂತತ್ವ. ಬೆಚ್ಚಗೆ ಮಾಡಿ, ಗಾಳಿ ತೆಗೆದು, ಹೀಲಿಯಂ ತುಂಬಿ ಮತ್ತೆ ಅಳೆಯಿರಿ.

ಈಗ ನಿಜವಾದ ಪರೀಕ್ಷೆ. ಕಾಂತಕ್ಷೇತ್ರವಿಲ್ಲದೆ 2 ಕೆಲ್ವಿನ್‌ವರೆಗೆ ತಣಿಸಿ, ಆಮೇಲೆ 50 ಅಥವಾ 100 ಓರ್ಸ್ಟೆಡ್ (ಕಾಂತಕ್ಷೇತ್ರದ ಮಾನ) ಕೊಟ್ಟು, ಬಿಸಿ ಮಾಡುತ್ತಾ ಅಳೆಯಿರಿ. ನಂತರ ಅದೇ ಕ್ಷೇತ್ರದಲ್ಲೇ ತಣಿಸಿ ಮತ್ತೊಮ್ಮೆ. ಸ್ಪಿನ್ ಗ್ಲಾಸ್ ಆದರೆ ತುದಿಯ ಕೆಳಗೆ ಎರಡು ಗೆರೆಗಳು ಬೇರೆಯಾಗುತ್ತವೆ. ಇಲ್ಲಿ ಎಚ್ಚರ ಬೇಕು. ಪರದೆ ಸೊನ್ನೆ ತೋರಿಸಿದರೂ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನಲ್ಲಿ ಕೆಲವು ಓರ್ಸ್ಟೆಡ್ ಉಳಿದುಕೊಂಡಿರುತ್ತದೆ. ತಣಿಸುವ ಮೊದಲು ಕ್ಷೇತ್ರವನ್ನು ಪ್ಲಸ್-ಮೈನಸ್ ಮಾಡುತ್ತಾ, ಪ್ರತಿ ಸಲ ಕಡಿಮೆ ಮಾಡಿ ಸೊನ್ನೆಗೆ ತನ್ನಿ. ಈ ಹಂತ ಬಿಟ್ಟರೆ ಮುಂದಿನದ್ದೆಲ್ಲ ಸುಮ್ನೆ ಶ್ರಮ.

ಎರಡು ಗೆರೆ ಬೇರೆಯಾದರೆ ಸಾಕೇ? ಸಾಲದು. ಸ್ಪಿನ್‌ಗಳೆಲ್ಲ ಒಂದೇ ಕಡೆ ನಿಲ್ಲುವ ಫೆರೋಮ್ಯಾಗ್ನೆಟ್‌ಗಳಲ್ಲೂ ಬೇರೆಯಾಗುತ್ತವೆ. ಹಾಗಾಗಿ ಎಸಿ ಸಸೆಪ್ಟಿಬಿಲಿಟಿಯನ್ನು, ಅಂದರೆ ಹಿಂದೆ ಮುಂದೆ ಆಡುವ ಸಣ್ಣ ಕ್ಷೇತ್ರಕ್ಕೆ ಸಿಗುವ ಪ್ರತಿಕ್ರಿಯೆಯನ್ನು, 1, 10, 100, 1000 ಹರ್ಟ್ಸ್‌ನಲ್ಲಿ ಅಳೆಯಿರಿ. ಫ್ರೀಕ್ವೆನ್ಸಿ ಏರಿದಂತೆ ತುದಿ ಜಾಸ್ತಿ ತಾಪಮಾನದ ಕಡೆ ಸರಿಯಬೇಕು. ಸರಿಯುವುದು ತೀರಾ ಸ್ವಲ್ಪ, 6 ಕೆಲ್ವಿನ್‌ನಲ್ಲಿ ಫ್ರೀಕ್ವೆನ್ಸಿ ಹತ್ತು ಪಟ್ಟಾದರೆ ಒಂದು ಕೆಲ್ವಿನ್‌ನ ನೂರರಲ್ಲಿ ಕೆಲವೇ ಪಾಲು. ಅದಕ್ಕೇ ತುದಿಯ ಸುತ್ತ 0.02 ಕೆಲ್ವಿನ್ ಅಂತರದಲ್ಲಿ ಬಿಂದುಗಳನ್ನು ತೆಗೆಯಿರಿ. ಪ್ರತಿ ಬಿಂದುವಿನಲ್ಲೂ ತಾಪಮಾನ ನಿಲ್ಲುವವರೆಗೆ ಕಾಯಿರಿ.

ಸ್ಯಾಂಪಲ್ ಶುದ್ಧವಾಗಿದೆಯೇ ಎಂಬುದು ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇದೇ ಜಿಂಕ್-ಮೆಗ್ನೀಸಿಯಂ ಕುಟುಂಬದಲ್ಲಿ ದೀರ್ಘವ್ಯಾಪ್ತಿಯ ಕಾಂತ ಕ್ರಮ (ದೂರದೂರದ ಸ್ಪಿನ್‌ಗಳೂ ಒಂದೇ ಕ್ರಮದಲ್ಲಿ ನಿಲ್ಲುವುದು) ಇದೆ ಎಂದು 1997ರಲ್ಲಿ ವರದಿ ಬಂತು. ಮರುವರ್ಷ ಶುದ್ಧ ಸ್ಯಾಂಪಲ್‌ಗಳಲ್ಲಿ ನ್ಯೂಟ್ರಾನ್ ಹಾಯಿಸಿದಾಗ ಅದು ಕಾಣಲಿಲ್ಲ. ಎಕ್ಸ್‌ರೇ ಚಿತ್ರದಲ್ಲಿ ಗುರುತು ಸಿಗದ ಒಂದೇ ಒಂದು ಗೆರೆ ಇದ್ದರೂ ಬಿಡಬೇಡಿ, ಬೇರೇನೋ ಬೆರೆತಿರಬಹುದು.

ಹಾಗಂತ ಕ್ರಮ ಸಾಧ್ಯವೇ ಇಲ್ಲ ಎಂದಲ್ಲ. ಚಿನ್ನ-ಗ್ಯಾಲಿಯಂ-ಗ್ಯಾಡೊಲಿನಿಯಂ ಕ್ವಾಸಿಕ್ರಿಸ್ಟಲ್ 23 ಕೆಲ್ವಿನ್‌ನಲ್ಲಿ ನಿಜವಾಗಿ ಫೆರೋಮ್ಯಾಗ್ನೆಟ್ ಆಗುತ್ತದೆ ಎಂದು 2021ರಲ್ಲಿ ಜಪಾನಿನ ತಂಡ ತೋರಿಸಿತು. ನಿಮ್ಮ ಸ್ಯಾಂಪಲ್ ಅಂಥದ್ದೇ ಎನ್ನಿಸಿದರೆ ಸ್ಪೆಸಿಫಿಕ್ ಹೀಟ್ (ತಾಪಮಾನ ಏರಿಸಲು ಬೇಕಾಗುವ ಶಾಖ) ಅಳೆಯಿರಿ. ಕ್ರಮ ಬಂದಿದ್ದರೆ ಅದೇ ತಾಪಮಾನದಲ್ಲಿ ಚೂಪಾದ ಏರಿಕೆ ಕಾಣುತ್ತದೆ. ಸ್ಪಿನ್ ಗ್ಲಾಸ್‌ನಲ್ಲಿ ಸಿಗುವುದು ಅಗಲವಾದ ಉಬ್ಬು, ಅದೂ ಹೆಪ್ಪುಗಟ್ಟುವ ತಾಪಮಾನಕ್ಕಿಂತ ತುಸು ಮೇಲೆ.