ಹಳೆ ಮನೆಯ ಹಲಸು, ಹೊಸ ಚೆನ್ನೆಮಣೆ

ನಾನು ಚೆನ್ನೆಮಣೆ ಕೆತ್ತುತ್ತೇನೆ. ಕರಾವಳಿಯವರಿಗೆ ಗೊತ್ತಿರುವುದೇ, ತುಳುವರ ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಕೂತು ಆಡುವ ಆಟ. ಒಂದೇ ಹಲಗೆಯಲ್ಲಿ 7ರ ಎರಡು ಸಾಲು, ಒಟ್ಟು 14 ಗುಳಿ. ಇದಕ್ಕೆ ನನಗೆ ಹಲಸೇ ಬೇಕು, ಅದೂ ಹಳೆ ಮನೆಯಿಂದ ಬಿಚ್ಚಿದ ಹಲಸು.

ಹೊಸ ಮರದಲ್ಲೂ ಮಾಡಿ ನೋಡಿದೆ. ಮಿಲ್ಲಿನಿಂದ ತಂದ ಹಲಗೆ ಬೇಸಿಗೆಗೆ ಬಾಗಿತು, ಗುಳಿಯ ಅಂಚಿನಲ್ಲಿ ಸೀಳು ಬಿಟ್ಟಿತು. ಎಳೆ ಮರದಲ್ಲಿ ಹೊರಗಿನ ಬಿಳಿ ಭಾಗ ಜಾಸ್ತಿ. ಹುಳ ಮೊದಲು ಹಿಡಿಯುವುದು ಅದನ್ನೇ. ಹಿಂದಿನವರು ಮನೆಗೆಂದು ಕಡಿಯುತ್ತಿದ್ದದ್ದು ಚೆನ್ನಾಗಿ ಬಲಿತ, ದಪ್ಪ ಮರ. ಅಂಥ ತೊಲೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಚೇಗೇ, ಅಂದರೆ ಒಳಗಿನ ಗಟ್ಟಿ ತಿರುಳು. ಎಷ್ಟೋ ಮಳೆಗಾಲ ಕಂಡು, ಬಾಗುವುದೆಲ್ಲ ಬಾಗಿ ಮುಗಿದಿರುತ್ತದೆ.

ಮೊದಮೊದಲು ಹಳೆ ಮರದ ಅಂಗಡಿಗೆ ಹೋಗುತ್ತಿದ್ದೆ. ಕೆತ್ತನೆಯ ಕಂಬ, ದೊಡ್ಡ ಬಾಗಿಲು ಎಲ್ಲ ರೆಸಾರ್ಟಿನವರ ಪಾಲು. ಒಮ್ಮೆ ಬಣ್ಣ ಬಳಿದ ದಾರಂದ ತಂದೆ. ಮನೆಗೆ ಬಂದು ಬಣ್ಣ ಕೆರೆದರೆ ಒಳಗೆಲ್ಲ ಹಿಟ್ಟು, ಕುಟ್ಟೆ ಹುಳ ತಿಂದು ಹಾಕಿತ್ತು. ಅಂದಿನಿಂದ ಬಣ್ಣ ಹೊಡೆದದ್ದನ್ನು ಮುಟ್ಟುವುದಿಲ್ಲ.

ಆಮೇಲೆ ಯೋಚಿಸಿದೆ. ನನಗೆ ಬೇಕಾದ್ದು 2 ಅಡಿ ಉದ್ದದ ತುಂಡು ಮಾತ್ರ ಅಲ್ವಾ? ವ್ಯಾಪಾರಿಗಳು ಉದ್ದದ ಮಾಲು ಹುಡುಕುತ್ತಾರೆ, ಗಿಡ್ಡ ತುಂಡು ಬಿಟ್ಟು ಹೋಗುತ್ತಾರೆ. ಈಗ ಹೆಂಚು ಇಳಿಸುವ ಕೆಲಸದವರ ಹತ್ತಿರ ನನ್ನ ನಂಬರ್ ಇದೆ. ಫೋನ್ ಬಂದ ದಿನವೇ ಹೊರಡುತ್ತೇನೆ. ಜೆಸಿಬಿ ಬರುವ ಮೊದಲೇ ತಲುಪಬೇಕು. ಅದು ಎಳೆದು ಬೀಳಿಸಿದ ತೊಲೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಅರ್ಧ ಕೆತ್ತಿದ ಮೇಲೆ ಬಾಯಿ ಬಿಡುತ್ತದೆ.

ಹಾಗೆ ಹೋದದ್ದು ಪುತ್ತೂರು ಹತ್ತಿರದ ಒಂದು ಮನೆಗೆ. ಅಂಗಳದ ಮೂಲೆಯಲ್ಲಿ ಅಡುಗೆಮನೆ ಅಟ್ಟದ ತೊಲೆ ಬಿದ್ದಿತ್ತು, ಮಸಿ ಹಿಡಿದು ಕಪ್ಪಾಗಿ. ಗೋಡೆಯೊಳಗೆ ಹೂತಿದ್ದ ತುದಿ ತೇವಕ್ಕೆ ಕೊಳೆತು ಕುಂಬಾಗಿತ್ತು. ಮನೆಯ ಅಮ್ಮ ನೋಡಿ, "ಅದ್ರಲ್ಲಿ ಎಂತ ಮಾಡ್ಲಿಕ್ಕುಂಟು? ಒಲೆಗೆ ಅಂತ ಇಟ್ಟದ್ದು" ಎಂದರು. ನಾನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬಂದೆ. ಕುಂಬಾದ ಕಡೆ ಮಂಕು ಸದ್ದು. ಒಂದಡಿ ದಾಟಿದ ಮೇಲೆ ಟಣ್ ಎಂದಿತು. ಉಳಿಯಿಂದ ಒಂದು ಚಕ್ಕೆ ಎಬ್ಬಿಸಿದೆ. ಮಸಿಯ ಕೆಳಗೆ ಕಡು ಕಂದು, ಅದರ ಕೆಳಗೆ ಜೇನಿನ ಬಣ್ಣ. ಅಮ್ಮ ಬಗ್ಗಿ ನೋಡಿ ಆ ಚಕ್ಕೆಯನ್ನು ಕೈಗೆ ತೆಗೆದುಕೊಂಡರು. ಹೊಗೆ ತಿಂದ ಮರಕ್ಕೆ ಹುಳ ಬರುವುದು ಕಡಿಮೆ ಅಂತಾರೆ ಹಿರಿಯ ಆಚಾರಿಗಳು. ನಾನು ಕಂಡದ್ದೂ ಹಾಗೆಯೇ.

ಮೊಳೆಯ ಬಗ್ಗೆ ಮಾತ್ರ ತುಂಬಾ ಜಾಗ್ರತೆ ಬೇಕು. ಮುರಿದು ಒಳಗೇ ಉಳಿದ ಮೊಳೆ ಮೇಲೆ ಕಾಣುವುದಿಲ್ಲ, ಸುತ್ತ ಕಪ್ಪು ಕಲೆ ಮಾತ್ರ ಇರುತ್ತದೆ. ಅಂಥ ಒಂದು ಮೊಳೆಗೆ ತಾಗಿ ನನ್ನ ಒಳ್ಳೆಯ ಉಳಿಯ ಬಾಯಿ ಹೋಯಿತು. ಈಗ ಅಯಸ್ಕಾಂತ ಆಡಿಸದೆ, ಕಲೆ ಇದ್ದಲ್ಲಿ ಕೆದಕಿ ನೋಡದೆ ಗರಗಸ ಇಡುವುದಿಲ್ಲ. ಬೀಟೆ, ಸಾಗುವಾನಿ ಸಿಕ್ಕಿದರೆ ಹಳೆಯದಾದರೂ ಸುಮ್ನೆ ಗಾಡಿಗೆ ಹಾಕಬೇಡಿ. ಪಾಸ್ ಬೇಕೇ ಎಂದು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಮೊದಲು ಕೇಳಿ. ಮನೆಯವರಿಂದ ಒಂದು ಚೀಟಿ ಬರೆಸಿಕೊಳ್ಳುವುದೂ ಒಳ್ಳೆಯದು.

ಆ ತೊಲೆಯಲ್ಲಿ ನಾಲ್ಕು ಮಣೆ ಆಯಿತು. ಮೂರು ತಿಂಗಳು ನೆರಳಲ್ಲಿಟ್ಟು, ಆಮೇಲೆ ಕೆತ್ತಿ, ಬರೀ ತೆಂಗಿನೆಣ್ಣೆ ಉಜ್ಜಿದೆ. ಒಂದನ್ನು ಆ ಅಮ್ಮನಿಗೇ ಕೊಂಡುಹೋಗಿ ಕೊಟ್ಟೆ. ಒಳಗಿನಿಂದ ಮಂಜೊಟ್ಟಿ ಕಾಯಿಯ, ಅಂದರೆ ಈ ಆಟಕ್ಕೆ ಬಳಸುವ ಕೆಂಪು ಬೀಜಗಳ, ಡಬ್ಬಿ ತಂದು, ಗುಳಿಗೆ ನಾಲ್ಕರಂತೆ ಹಾಕಲು ಶುರು ಮಾಡಿದರು. 56ಕ್ಕೆ ಎರಡು ಕಡಿಮೆ ಬಂತು. ಹುಡುಕಲು ಮೊಮ್ಮಗಳನ್ನು ಕರೆದರು.