ಟ್ಯಾಂಕ್ ಕಟ್ಟುವುದು ಸುಲಭ, ಮಾಸಿಸುವುದೇ ಕಷ್ಟ

ಯುದ್ಧ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ಟನ್ನು ನೀಟಾಗಿ ಜೋಡಿಸಿ, ಚೆನ್ನಾಗಿ ಬಣ್ಣ ಹೊಡೆದು, ಕೊನೆಯ ಸಂಜೆ ಕೆಡಿಸಿಕೊಂಡವರನ್ನು ತುಂಬಾ ನೋಡಿದ್ದೇನೆ. ‘ಯುದ್ಧಕ್ಕೆ ಹೋಗಿ ಬಂದಂಗೆ ಕಾಣಬೇಕು ಸಾರ್’ ಅಂತ ಒಂದು ಬಾಟಲಿ ಕಂದು ವಾಶ್ (ನೀರಿನಷ್ಟು ತೆಳುವಾದ ಬಣ್ಣ) ತಂದು ಮೇಲಿಂದ ಕೆಳಗಿನವರೆಗೆ ಬಳಿಯುತ್ತಾರೆ. ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ ಹಾಗಾಗುತ್ತದೆ ಟ್ಯಾಂಕು. ನಿಜವಾದ ಗಾಡಿ ಹಾಗೆ ಹಳೆಯದಾಗುವುದಿಲ್ಲ. ಒಂದೊಂದು ಜಾಗ ಒಂದೊಂದು ಕಾರಣಕ್ಕೆ ಮಾಸುತ್ತದೆ. ಕಾರಣ ಗೊತ್ತಿದ್ದರೆ ಬ್ರಶ್ ಎಲ್ಲಿಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಉದಾಹರಣೆಗೆ 1/35 ಅಳತೆಯ ಟಿ-55 ಇಟ್ಟುಕೊಳ್ಳೋಣ. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಸೋವಿಯತ್ ಟ್ಯಾಂಕ್ ಇದು. ಅಸಲಿ ಗಾಡಿಯ ಒಡಲು ಸುಮಾರು ಆರೂವರೆ ಮೀಟರ್. ಮೇಜಿನ ಮೇಲೆ 18 ಸೆಂ.ಮೀ. ಆಗುತ್ತದೆ. ಜಪಾನಿನ ಟಮಿಯಾ ಕಂಪನಿಯ ಕಿಟ್ ತೆಗೆದುಕೊಳ್ಳಿ, ಭಾಗಗಳು ಸರಿಯಾಗಿ ಕೂರುತ್ತವೆ. ದುಡ್ಡು ಉಳಿಯುತ್ತದೆ ಅಂತ 1/72 ತರಬೇಡಿ. ಮೊದಲ ಸಲಕ್ಕೆ ಅದು ಕಣ್ಣಿಗೂ ಕೈಗೂ ಶಿಕ್ಷೆ.

ಹಂತ 1: ಜೋಡಣೆ

ಭಾಗಗಳನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ, ಸೈಡ್ ಕಟರ್‌ನಿಂದ ಫ್ರೇಮಿನಿಂದ ಕತ್ತರಿಸಿ ಬಿಡಿಸಿ, ಉಜ್ಜಿ, ಅಂಟಿಸಿ. ಅಂಟು ಮಾತ್ರ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ತೆಳು ಸಿಮೆಂಟೇ ಆಗಿರಲಿ. ಫೆವಿಕ್ವಿಕ್ ಇಲ್ಲಿ ಬೇಡ. ಒಂದು ಸಲ ಹಿಡಿದರೆ ಭಾಗವನ್ನು ಅತ್ತಿತ್ತ ಸರಿಸಲು ಬಿಡುವುದಿಲ್ಲ.

ಟಿ-55ರಲ್ಲಿ ಎರಡು ಜಾಗ ನೋಡಿಕೊಳ್ಳಿ. ಮೊದಲನೆಯದು ಟ್ರ್ಯಾಕ್, ಅಂದರೆ ಚಕ್ರಗಳ ಸುತ್ತ ಓಡುವ ಸರಪಳಿ ಪಟ್ಟಿ. ಇದರಲ್ಲಿ ಟ್ರ್ಯಾಕನ್ನು ಮೇಲೆ ಎತ್ತಿ ಹಿಡಿಯುವ ಸಣ್ಣ ರೋಲರ್‌ಗಳಿಲ್ಲ. ಹಾಗಾಗಿ ಅದು ಜೋತು ಚಕ್ರಗಳ ನೆತ್ತಿಯ ಮೇಲೇ ಮಲಗಿರಬೇಕು. ಬಿಗಿಯಾಗಿ ಎಳೆದು ಕಟ್ಟಿದರೆ ಆಟಿಕೆ. ಚಕ್ರದ ನೆತ್ತಿಗೆ ಸೂಪರ್ ಗ್ಲೂ ಹಚ್ಚಿ, ಟ್ರ್ಯಾಕನ್ನು ಅದುಮಿ, ಹಿಡಿಯುವ ತನಕ ಸ್ಪಂಜಿನ ತುಂಡು ತುರುಕಿಡಿ. ಫೆವಿಕ್ವಿಕ್‌ಗೆ ಇಲ್ಲಿ ಕೆಲಸ ಉಂಟು.

ಎರಡನೆಯದು ತೋಪಿನ ನಳಿಗೆ. ಪಾಕಿಸ್ತಾನದ ಹತ್ತಿರ ಇದ್ದ ಚೀನೀ ಟೈಪ್ 59 ನೋಡಲು ಹೆಚ್ಚುಕಡಿಮೆ ಟಿ-55ರ ಹಾಗೇ ಇತ್ತು. ನಮ್ಮದು ಯಾವುದು ಅಂತ ದೂರದಿಂದಲೇ ಗೊತ್ತಾಗಲಿ ಎಂದು 1971ರಲ್ಲಿ ನಮ್ಮ ಟಿ-55ಗಳ ನಳಿಗೆಯ ನಡುಭಾಗಕ್ಕೆ ಒಂದು ಹುಸಿ ಉಬ್ಬು ತೊಡಿಸಿದ್ದರು. ಕಿಟ್‌ನಲ್ಲಿ ಅದು ಸಿಗದಿದ್ದರೆ ತೆಳು ಕಾಗದದ ಪಟ್ಟಿಯನ್ನು ನಳಿಗೆಗೆ ಸುತ್ತಿ, ಸೂಪರ್ ಗ್ಲೂ ಕುಡಿಸಿ, ಗಟ್ಟಿಯಾದ ಮೇಲೆ ಉಜ್ಜಿ. ಇದಿಲ್ಲದೆ ಭಾರತದ ಗುರುತು ಹಾಕಿದ ಟಿ-55 ನೋಡಿದರೆ ನನಗೆ ಕೈ ತುರಿಸುತ್ತದೆ.

ಹಂತ 2: ಬಣ್ಣ

ಪ್ರೈಮರ್, ಆಮೇಲೆ ಆಲಿವ್ ಹಸಿರು. ಟಮಿಯಾ ಬಣ್ಣಗಳಲ್ಲಿ ಎಕ್ಸ್‌ಎಫ್-62ಕ್ಕೆ (ಆಲಿವ್ ಡ್ರ್ಯಾಬ್) ಸ್ವಲ್ಪ ಎಕ್ಸ್‌ಎಫ್-60 (ಗಾಢ ಹಳದಿ) ಬೆರೆಸಿ ತಿಳಿಯಾಗಿಸಿಕೊಳ್ಳಿ. ಸಣ್ಣ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ಕಾಣುತ್ತದೆ, ಮುಂದಿನ ಹಂತಗಳಲ್ಲಿ ಇನ್ನೂ ಕಪ್ಪಾಗುತ್ತದೆ. ಚಕ್ರದ ರಬ್ಬರಿಗೆ ಕಪ್ಪು ಬೇಡ, ಗಾಢ ಬೂದು ಸಾಕು.

ಬೆಂಗಳೂರಿನವರು ಒಂದು ಮಾತು ನೆನಪಿಡಿ. ಮಳೆಗಾಲದ ಸಂಜೆ ಬಾಲ್ಕನಿಯಲ್ಲಿ ಲ್ಯಾಕರ್ ಸ್ಪ್ರೇ ಹೊಡೆಯಬೇಡಿ. ಗಾಳಿಯ ತೇವ ಸೇರಿಕೊಂಡು ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಬಿಸಿಲು ಬಂದ ಮೇಲೆ, ಹನ್ನೊಂದು ಗಂಟೆಯ ನಂತರ ಹೊಡೆಯಿರಿ. ಬಟ್ಟೆಯ ಮಾಸ್ಕ್ ಸಾಲದು, ಆವಿ ತಡೆಯುವ ಫಿಲ್ಟರ್ ಇರುವುದೇ ಬೇಕು. ಬೈಕಿಗೆ ಹೊಡೆಯುವ ಅಗ್ಗದ ಸ್ಪ್ರೇ ಕ್ಯಾನ್ ಕೆಲವೊಮ್ಮೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಬೇಡದ ಫ್ರೇಮಿನ ತುಂಡಿನ ಮೇಲೆ ಮೊದಲು ನೋಡಿ. ಕರಕುಶಲ ಅಂಗಡಿಯ ಡಬ್ಬಿ ಅಕ್ರಿಲಿಕ್ ದಪ್ಪ, ಬೋಲ್ಟುಗಳೆಲ್ಲ ಮುಚ್ಚಿಹೋಗುತ್ತವೆ.

ಹಂತ 3: ವಾಶ್

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಗುರುತುಗಳ ಡೆಕಾಲ್ (ತೆಳು ಸ್ಟಿಕ್ಕರ್) ಅಂಟಿಸಿದ ಮೇಲೆ ಇಡೀ ಮಾಡೆಲ್‌ಗೆ ಹೊಳೆಯುವ ವಾರ್ನಿಶ್ ಹೊಡೆದು ಒಂದು ದಿನ ಬಿಡಿ. ಮಂಕು ಬಣ್ಣದ ಮೈ ಒರಟು. ಅದರ ಮೇಲೆ ವಾಶ್ ಇಟ್ಟರೆ ಹೀರಿಕೊಂಡು ಕಲೆಯಾಗುತ್ತದೆ. ನುಣುಪು ಮೈ ಮೇಲಾದರೆ ಅದು ತಾನಾಗಿ ಸಂದಿ ಹಿಡಿದು ಓಡುತ್ತದೆ.

ವಾಶ್‌ಗೆ ದುಬಾರಿ ಬಾಟಲಿ ಬೇಕಿಲ್ಲ. ಕಲಾವಿದರ ಆಯಿಲ್ ಪೇಂಟ್, ಬರ್ನ್ಟ್ ಅಂಬರ್ ಟ್ಯೂಬ್ ಸಾಕು. ಕಡಲೆ ಗಾತ್ರದಷ್ಟನ್ನು ರಟ್ಟಿನ ಮೇಲೆ ಇಟ್ಟು ಅರ್ಧ ಗಂಟೆ ಬಿಡಿ. ರಟ್ಟು ಎಣ್ಣೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಗೇ ಉಳಿದರೆ ವಾಶ್ ಬೇಗ ಒಣಗುವುದಿಲ್ಲ, ಹೊಳಪೂ ಉಳಿಯುತ್ತದೆ. ಆಮೇಲೆ ವೈಟ್ ಸ್ಪಿರಿಟ್‌ನಲ್ಲಿ (ಮಿನರಲ್ ಟರ್ಪೆಂಟೈನ್) ನೀರಾಗಿ ಕಲಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ ‘ಥಿನ್ನರ್ ಕೊಡಿ’ ಅಂದರೆ ಎನ್‌ಸಿ ಥಿನ್ನರ್ ಕೊಟ್ಟುಬಿಡಬಹುದು. ಅದು ಬಣ್ಣ, ಪ್ಲಾಸ್ಟಿಕ್ ಎರಡನ್ನೂ ಕರಗಿಸುತ್ತದೆ.

ಇನ್ನು ಹಚ್ಚುವುದು. ಸೊನ್ನೆ ನಂಬರಿನ ಬ್ರಶ್ ಅದ್ದಿ, ಟಿಶ್ಯೂಗೆ ಒಮ್ಮೆ ತಾಗಿಸಿ. ಎಂಜಿನ್ ಮೇಲಿನ ಜಾಲರಿಯ ಮೂಲೆಗೆ ತುದಿ ಮುಟ್ಟಿಸಿ. ಅಷ್ಟೇ, ಎಳೆಯಬೇಡಿ. ಕಂದು ಗೆರೆ ತಾನೇ ಸಂದಿಯಲ್ಲಿ ಹರಿದು ನಿಲ್ಲುತ್ತದೆ. ಹ್ಯಾಚಿನ (ಒಳಗೆ ಇಳಿಯುವ ಬಾಯಿಯ ಮುಚ್ಚಳ) ಸುತ್ತ, ಬೋಲ್ಟಿನ ಬುಡ, ವೆಲ್ಡಿಂಗ್ ಗೆರೆ, ಟರೆಟ್ (ತೋಪು ಹೊತ್ತು ತಿರುಗುವ ಗುಮ್ಮಟ) ಕೂರುವ ಜಾಗ, ಇಷ್ಟಕ್ಕೇ ಇದೇ ಥರ. ಬಯಲು ತಗಡಿನ ಮೇಲೆ ವಾಶ್‌ಗೆ ಏನು ಕೆಲಸ?

ಒಂದು ಬದಿ ಮಾಡಿ ನಿಲ್ಲಿಸಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಬೇರೆ ಶುಭ್ರ ಬ್ರಶ್ಶನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹೆಚ್ಚುಕಡಿಮೆ ಒಣಗುವಷ್ಟು ಒರೆಸಿ, ಜಾಸ್ತಿ ಆದದ್ದನ್ನು ಎತ್ತಿ. ನಿಂತ ಗೋಡೆಗಳ ಮೇಲೆ ಯಾವಾಗಲೂ ಮೇಲಿಂದ ಕೆಳಕ್ಕೇ ಎಳೆಯಿರಿ, ಮಳೆನೀರು ಇಳಿಯುವ ದಾರಿ ಅದು. ಅಡ್ಡ ಎಳೆದರೆ ಕೆಟ್ಟಿತು.

ಒಡಲಿನ ಒಳಗೂ ಅಡಿಗೂ ಬಣ್ಣ ಹೊಡೆದಿದ್ದೀರಿ ತಾನೇ? ಬರಿ ಪ್ಲಾಸ್ಟಿಕ್‌ಗೆ, ಅದರಲ್ಲೂ ಬಿಗಿದು ಕೂರಿಸಿದ ಭಾಗಗಳಿಗೆ ಸ್ಪಿರಿಟ್ ಇಳಿದರೆ ಬಿರುಕು ಬಿಡುತ್ತದೆ. ಚಕ್ರ ಹಿಡಿದ ತೋಳು ಇದ್ದಕ್ಕಿದ್ದಂತೆ ಮುರಿಯುವುದು ಇದರಿಂದಲೇ.

ಹಂತ 4: ಬಣ್ಣ ಕಿತ್ತ ಗುರುತು

ಮೆಟ್ರೊ ಕೆಲಸ ನಡೆಯುವ ಕಡೆ ನಿಂತಿರುವ ಜೆಸಿಬಿಯನ್ನು ಐದು ನಿಮಿಷ ನೋಡಿ. ಯಾವ ಪುಸ್ತಕಕ್ಕಿಂತ ಒಳ್ಳೆಯ ಮೇಷ್ಟ್ರು. ದಿನಾ ಮಣ್ಣು ಕೆರೆಯುವ ಬಕೆಟ್ಟಿನ ಹಲ್ಲು ಮಾತ್ರ ಬೆಳ್ಳಗೆ ಹೊಳೆಯುತ್ತಿರುತ್ತದೆ. ಉಳಿದ ಕಡೆ ಬಣ್ಣ ಕಿತ್ತ ಜಾಗ ಕಪ್ಪುಗಂದು. ಡ್ರೈವರ್ ಕಾಲಿಟ್ಟು ಹತ್ತುವ ಮೆಟ್ಟಿಲು ಸವೆದಿರುತ್ತದೆ, ಅದರ ಪಕ್ಕದ ತಗಡು ಹೊಸದಾಗೇ ಇರುತ್ತದೆ. ಗ್ರೀಸ್ ಇಳಿದ ಕೀಲಿಗೆ ಧೂಳು ಮೆತ್ತಿರುತ್ತದೆ.

ಟ್ಯಾಂಕಿಗೂ ಇದೇ ಲೆಕ್ಕ. ನೆಲ ತಾಗುವ ಟ್ರ್ಯಾಕಿನ ಅಂಚಿಗೆ, ಹಲ್ಲುಚಕ್ರದ ಹಲ್ಲಿಗೆ 4ಬಿ ಪೆನ್ಸಿಲ್ ಉಜ್ಜಿ. ಫೆಂಡರಿನ (ಟ್ರ್ಯಾಕಿನ ಮೇಲೆ ಚಾಚಿದ ತಗಡು) ಅಂಚು, ಹ್ಯಾಚಿನ ತುಟಿ, ಸಿಬ್ಬಂದಿ ಹತ್ತುವ ದಾರಿಗೆ ಕಪ್ಪುಗಂದು. ಬೆಳ್ಳಿ ಬಣ್ಣದ ಡಬ್ಬಿ ಎತ್ತಿಟ್ಟುಬಿಡಿ. ಸ್ಪಂಜಿನ ಚೂರನ್ನು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಖಾಲಿ ಮಾಡಿ, ಉಳಿದದ್ದನ್ನು ಅಂಚಿಗೆ ತಾಗಿಸಿ. ನೀವು ಇಡುವ 1 ಮಿ.ಮೀ. ಚುಕ್ಕೆ ಅಸಲಿ ಗಾಡಿಯಲ್ಲಿ 3.5 ಸೆಂ.ಮೀ. ಗಾಯ. ಅಷ್ಟು ದೊಡ್ಡದು ಎಷ್ಟಿರಲು ಸಾಧ್ಯ?

ಹೊಗೆ ಬರುವ ಕಿಂಡಿ ಎಡ ಫೆಂಡರಿನ ಮೇಲಿದೆ. ಮಸಿ, ತುಕ್ಕು ಎರಡೂ ಅಲ್ಲಿ ಜಾಸ್ತಿ ಇರಲಿ.

ಹಂತ 5: ಧೂಳು

ಮೊದಲು ಮಂಕು ವಾರ್ನಿಶ್. ಇಲ್ಲದಿದ್ದರೆ ಪುಡಿ ಹಿಡಿಯುವುದಿಲ್ಲ. ಒಣ ಪಾಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದರೆ ಒಳ್ಳೆ ಪುಡಿ ಸಿಗುತ್ತದೆ. ಆಯಿಲ್ ಪಾಸ್ಟಲ್ ಆಗುವುದಿಲ್ಲ.

ಮನೆ ಹಿಂದಿನ ಕೆಮ್ಮಣ್ಣು ಜರಡಿ ಹಿಡಿದು ಹಾಕುವವರಿದ್ದಾರೆ. ಎಷ್ಟೇ ಜರಡಿ ಹಿಡಿದರೂ ಕಣ ದಪ್ಪವೇ. ಅದಲ್ಲದೆ ಈ ಟ್ಯಾಂಕ್ ದೇವನಹಳ್ಳಿಯಲ್ಲಿ ಕಾದಿದ್ದಲ್ಲ. ಪಂಜಾಬಿನ ಬಯಲಿನ ಮೆಕ್ಕಲು ಮಣ್ಣು ಬೂದು ಬೆರೆತ ತಿಳಿಕಂದು, ಅದೇ ಬಣ್ಣ ಕಲಸಿ. ಚಕ್ರ, ಒಡಲಿನ ಕೆಳಭಾಗ, ಫೆಂಡರಿನ ಮೂಲೆಗೆ ಪುಡಿ ಉದುರಿಸಿ, ಪಕ್ಕದಲ್ಲಿ ಒಂದು ಹನಿ ವೈಟ್ ಸ್ಪಿರಿಟ್ ಬಿಡಿ, ತಾನೇ ಹೀರಿಕೊಳ್ಳುತ್ತದೆ. ಒದ್ದೆಯಾದಾಗ ಕಪ್ಪಾಗಿ ಕಂಡರೆ ಗಾಬರಿ ಬೇಡ, ಒಣಗಿದರೆ ತಿಳಿಯಾಗುತ್ತದೆ. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಬಣ್ಣ ಸಿಂಪಡಿಸುವ ಏರ್‌ಬ್ರಶ್ ತೊಳೆಯಲು ಒಳ್ಳೆಯದು, ಇಲ್ಲಿ ಮಾತ್ರ ಬೇಡ. ಟಮಿಯಾ ಅಕ್ರಿಲಿಕ್ ಎದ್ದು ಬರುತ್ತದೆ.

ಸ್ಪಿರಿಟ್ ಹಿಡಿಸಿದ ಪುಡಿ ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಹಾಗಾಗಿ ಟ್ಯಾಂಕನ್ನು ಒಂದು ಹಲಗೆಗೆ ಅಡಿಯಿಂದ ಸ್ಕ್ರೂ ಹಾಕಿ ಕೂರಿಸಿ, ಮೇಲೆ ಪಾರದರ್ಶಕ ಡಬ್ಬಿ ಮುಚ್ಚಿ. ಎತ್ತಬೇಕಾದಾಗ ಹಲಗೆ ಹಿಡಿಯಿರಿ.