ದೈವಕರೆಗಾಗಿ ನಮ್ಮ ಗುರುವಾರದ ಪ್ರಾರ್ಥನೆ: ನನ್ನ ಅನುಭವ

ದಾವಣಗೆರೆಯ ನಮ್ಮ ಕಿರು ಕ್ರೈಸ್ತ ಸಮುದಾಯದವರು ಗುರುವಾರ ರಾತ್ರಿ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಗುರುಗಳು (ಫಾದರ್‌ಗಳು), ಸಿಸ್ಟರ್‌ಗಳು ಆಗಲು ದೇವರು ಕರೆಯುವ ಮಕ್ಕಳಿಗಾಗಿ ಪ್ರಾರ್ಥಿಸುತ್ತೇವೆ. ಯೇಸು ಪರಮಪ್ರಸಾದವನ್ನೂ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿ) ಯಾಜಕತ್ವವನ್ನೂ (ಗುರುಪದವಿ) ಕೊಟ್ಟದ್ದು ಗುರುವಾರ ಅಲ್ವಾ, ಅದಕ್ಕೇ ಆ ದಿನ. ಪಾಸ್ಖ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ ಇಡೀ ಕಥೋಲಿಕ ಧರ್ಮಸಭೆ ಇದೇ ಕೋರಿಕೆ ಇಡುತ್ತದೆ. ಪೋಪ್ 6ನೇ ಪೌಲರು 1964ರಲ್ಲಿ ಶುರು ಮಾಡಿಸಿದ್ದು. ವರ್ಷಕ್ಕೊಂದು ದಿನ ನನಗೆ ಸಾಲಲಿಲ್ಲ.

ಮೊದಲು ಒಂದು ಮಗು ಬೈಬಲಿನ ಸಮುವೇಲನ ಕಥೆ ಓದುತ್ತದೆ. ಹುಡುಗನಿಗೆ ಕರೆ ಕೇಳಿಸಿತು, ಕರೆದವರು ಯಾರು ಅಂತ ಗೊತ್ತಾಗಲಿಲ್ಲ. ಎದ್ದೆದ್ದು ಯಾಜಕ ಏಲಿಯ ಹತ್ತಿರ ಓಡಿದ. ಕರೆಯುತ್ತಿರುವುದು ದೇವರು ಅಂತ ಹೇಳಿಕೊಟ್ಟವನು ಆ ಮುದುಕ ಏಲಿ. ಅದಕ್ಕೇ ನಾವು ಮಕ್ಕಳಿಗಾಗಿ ಮಾತ್ರ ಬೇಡುವುದಿಲ್ಲ. ಮನೆಯ ಹಿರಿಯರಿಗೆ ಏಲಿಯ ಕಿವಿ ಕೊಡಿ ಅಂತಲೂ ಬೇಡುತ್ತೇವೆ.

ಆಮೇಲೆ ಜಪಸರ, ಅಂದರೆ ಮಣಿ ಎಣಿಸುತ್ತಾ ಮಾಡುವ ಮಾತೆ ಮರಿಯಳ ಪ್ರಾರ್ಥನೆ. ಒಂದೊಂದು ಹತ್ತು ಮಣಿಗೆ ಒಂದೊಂದು ಕೋರಿಕೆ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರಕ್ಕಾಗಿ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಗುರುಗಳಾಗಲು ತರಬೇತಿ ಕೊಡುವ ಗುರುಮಠದಲ್ಲಿ ಓದುತ್ತಿರುವ ಹುಡುಗರಿಗೆ ಮೊದಲನೆಯದು. ತತ್ವಶಾಸ್ತ್ರ, ದೈವಶಾಸ್ತ್ರ ಮುಗಿಸಿ ಗುರುಗಳಾಗಿ ಅಭಿಷೇಕ ಆಗುವ ಹೊತ್ತಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ನಡುವೆ ಬೇಸರ, ಮನೆ ನೆನಪು ಎಲ್ಲ ಇರುತ್ತದೆ. ಎರಡನೆಯದು ಸಿಸ್ಟರ್ ಆಗಲು ಮೊದಲ ವ್ರತಕ್ಕೆ ತಯಾರಾಗುವ ಹೆಣ್ಣುಮಕ್ಕಳಿಗೆ. ಮೂರನೆಯದು ವಯಸ್ಸಾದ, ಕಾಯಿಲೆಬಿದ್ದ ಗುರುಗಳಿಗೆ. ನಾಲ್ಕನೆಯದು ಗುರುಮಠದಿಂದ, ಕಾನ್ವೆಂಟಿನಿಂದ ವಾಪಸ್ ಬಂದವರಿಗೆ. ಇದನ್ನು ನಾನು ಹಟ ಹಿಡಿದು ಸೇರಿಸಿದೆ. ವಾಪಸ್ ಬಂದ ಹುಡುಗನನ್ನು ಊರು ನೋಡುವ ರೀತಿ ನನಗೆ ತುಂಬಾ ನೋವು ಕೊಡುತ್ತದೆ. ತನ್ನ ದಾರಿ ಇದಲ್ಲ ಅಂತ ಅವನು ಪ್ರಾಮಾಣಿಕವಾಗಿ ತಿಳಿದುಕೊಂಡಿದ್ದಾನೆ. ಅದೂ ದೇವರು ಕೊಟ್ಟ ಉತ್ತರವೇ.

ಐದನೆಯದು ಆ ಮನೆಯ ಮಕ್ಕಳಿಗೆ, ಹೆಸರು ಹೇಳಿ. ಕಷ್ಟ ಇರುವುದು ಇಲ್ಲೇ. ಪಕ್ಕದ ಮನೆಯ ಮಗ ಫಾದರ್ ಆಗಲಿ ಅಂತ ಬೇಡುವುದು ಎಲ್ಲರಿಗೂ ಸುಲಭ. ಒಂದು ಮನೆಯಲ್ಲಿ ಜಪಸರ ಕೈಯಲ್ಲಿ ಹಿಡಿದೇ ತಾಯಿ ನನ್ನ ಕಡೆ ಬಾಗಿ, "ಅಕ್ಕಾ, ಒಬ್ಬನೇ ಮಗ. ಅವನ ಹೆಸರು ಬೇಡ" ಅಂದರು. ಒತ್ತಾಯ ಮಾಡಲಿಲ್ಲ. "ಪ್ರಭುವೇ, ಈ ಮನೆಯ ಮಕ್ಕಳಿಗೆ ನಿಮ್ಮ ಚಿತ್ತ ತಿಳಿಯಲಿ" ಅಂತಷ್ಟೇ ಹೇಳಿದೆ. ಮದುವೆಯೂ ದೇವರ ಕರೆಯೇ. ಈಗ ಎಲ್ಲ ಮನೆಗಳಲ್ಲೂ ಅದೇ ಮಾತು ಹೇಳುತ್ತೇವೆ. ಆ ತಾಯಿಯೂ ಬರುತ್ತಾರೆ, ಎಲ್ಲರಿಗಿಂತ ಜೋರಾಗಿ ಹೇಳುತ್ತಾರೆ.

ಸೆಪ್ಟೆಂಬರ್ 8ರ ಮಾತೆ ಮರಿಯಳ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಬಸಿಲಿಕಾಗೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇವೆ. ಸುಮ್ನೆ ಸುತ್ತಿ ಬರುವುದಲ್ಲ, ಅಲ್ಲಿ ಸಿಗುವ ಸಿಸ್ಟರ್‌ಗಳ ಜೊತೆ ಮಾತಾಡಲು ಬಿಡುತ್ತೇವೆ. "ಸಿಸ್ಟರ್ ಆದ್ರೆ ನರ್ಸಿಂಗ್ ಓದಬಹುದಾ?" ಅಂತ ಒಬ್ಬಳು ಕೇಳಿದಳು. ಸಿಸ್ಟರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಿಸ್ಟರ್‌ಗಳ ಯಾವ ಸಭೆ (ಸಂಘ) ಏನು ಕೆಲಸ ಮಾಡುತ್ತದೆ ಅಂತ ನಿಧಾನವಾಗಿ ವಿವರಿಸಿದರು.

ನಿಮ್ಮ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಶುರು ಮಾಡುವುದಾದರೆ ಅರ್ಧ ಗಂಟೆಗಿಂತ ಜಾಸ್ತಿ ಎಳೆಯಬೇಡಿ. ಓದುವ ಕೆಲಸ ಮಕ್ಕಳಿಗೇ ಕೊಡಿ.